ಮೇವು ಕತ್ತರಿಸುವ ಯಂತ್ರದ ಶಾಫ್ಟು ಎಷ್ಟು ದಪ್ಪ ಇರಬೇಕು?



ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಸಂಘದ ಸದಸ್ಯೆಯೊಬ್ಬರು ಫೋನ್ ಮಾಡಿದರು. "ಡಾಕ್ಟ್ರಮ್ಮ, ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲ. ಹನ್ನೆರಡು ಲೀಟರ್ ಕೊಡ್ತಿದ್ದದ್ದು ನಾಲ್ಕಕ್ಕೆ ಬಂದಿದೆ" ಅಂದರು. ಹೋಗಿ ನೋಡಿದರೆ ಎಚ್.ಎಫ್. ಮಿಶ್ರತಳಿ ಹಸು ಬೆನ್ನು ಗೂನು ಮಾಡಿಕೊಂಡು, ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿ ನಿಂತಿತ್ತು. ಬೆನ್ನ ಮೇಲೆ ಕೈಯಿಂದ ಒತ್ತಿದರೆ ನರಳಿತು. ಜ್ವರ ಸ್ವಲ್ಪ ಇತ್ತು. ಕಬ್ಬಿಣ ನುಂಗಿದ ಲಕ್ಷಣ ಇದು. "ಮೇವಿನಲ್ಲಿ ತಂತಿ, ಮೊಳೆ ಏನಾದರೂ ಹೋಗಿರಬಹುದಾ ಅಕ್ಕ?" ಎಂದು ಕೇಳಿದೆ. ಅವರು ಯೋಚಿಸಿ, "ನಾಲ್ಕು ದಿನದ ಹಿಂದೆ ಕಟಿಂಗ್ ಮಿಷನ್ನಿನ ಶಾಫ್ಟ್ ಮುರೀತು, ಅಷ್ಟೇ" ಎಂದರು.

ಶಾಫ್ಟು ತುಂಡಾದಾಗ ಮೂವತ್ತು ಕೆ.ಜಿ. ಮೀರಿದ ಚಕ್ರ ಓರೆಯಾಗಿ, ಬ್ಲೇಡು ಬಾಯಿಯ ಪಟ್ಟಿಗೆ ಬಡಿದು ತುದಿ ಚೂರಾಗಿತ್ತು. ಆ ಹೊತ್ತಿಗೆ ಕತ್ತರಿಸಿ ಬಿದ್ದಿದ್ದ ಮೇವನ್ನು ಹಾಳಾಗದಿರಲಿ ಎಂದು ಅವರು ಬಾಚಿ ಹಸುವಿಗೆ ಹಾಕಿದ್ದರು. ಹಸು ಆಡಿನಂತೆ ತುಟಿಯಿಂದ ಆರಿಸಿ ತಿನ್ನುವುದಿಲ್ಲ. ನಾಲಿಗೆಯಲ್ಲಿ ಸುತ್ತಿ ಎಳೆದುಕೊಂಡು ಹೆಚ್ಚು ಅಗಿಯದೆ ನುಂಗುತ್ತದೆ. ಲೋಹದ ಚೂರು ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ವಪೆ, ವಪೆಯ ಆಚೆ ಹೃದಯ. ಹೊಟ್ಟೆ ಹಿಂಡಿಕೊಳ್ಳುವಾಗಲೆಲ್ಲ ಚೂರು ಮುಂದಕ್ಕೆ ಚುಚ್ಚುತ್ತದೆ. ಈ ಹಸುವಿನ ಹೊಟ್ಟೆ ಕೊಯ್ದು ಬ್ಲೇಡಿನ ಒಂದು ಅಂಗುಲದ ಚೂರು ತೆಗೆದೆವು. ಹಸು ಉಳಿಯಿತು. ಆ ಸೂಲಿನಲ್ಲಿ ಹಾಲು ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ.

ಚಕ್ರ ಹಾರಿ ಅವರ ಮೇಲೆ ಬೀಳಲಿಲ್ಲ ಎನ್ನುವುದು ಪುಣ್ಯ. ಬಾಯಿಗೆ ಮೇವು ಕೊಡುವವರು ನಿಲ್ಲುವುದು ಚಕ್ರದಿಂದ ಎರಡು ಮೊಳ ದೂರದಲ್ಲಿ. ನಮ್ಮ ಕಡೆ ಆ ಜಾಗದಲ್ಲಿ ನಿಲ್ಲುವವರು ಹೆಚ್ಚಾಗಿ ನೀವೇ.

ಆಮೇಲೆ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು: "ಹೊಸ ಶಾಫ್ಟ್ ಹಾಕಿಸಿ ಮೂರು ವಾರ ಚೆನ್ನಾಗೇ ಓಡಿತಲ್ಲ. ತೆಳ್ಳಗಿದ್ದರೆ ಮೊದಲ ದಿನವೇ ಮುರೀಬೇಕಿತ್ತು. ಮೂರು ವಾರ ಆದ್ಮೇಲೆ ಯಾಕೆ ಮುರೀತು?" ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಓದಿದ್ದು ದನದ ಮೂಳೆ, ಯಂತ್ರದ್ದಲ್ಲ. ಮೆಕ್ಯಾನಿಕಲ್ ಓದಿದ ತಮ್ಮನನ್ನು ಕೂರಿಸಿಕೊಂಡು ಲೆಕ್ಕ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ತಿರುಚುವ ಬಲ ಎಂದರೆ

ರಾಗಿ ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಗೂಟ ಅಂಚಿನಲ್ಲಿದ್ದರೆ ಕಲ್ಲು ಹಗುರಾಗಿ ತಿರುಗುತ್ತದೆ. ಅದೇ ಗೂಟವನ್ನು ನಡುವಿನ ಹತ್ತಿರ ನೆಟ್ಟರೆ ಕೈ ಸೋಲುತ್ತದೆ. ತಿರುಗಿಸುವುದಕ್ಕೆ ಬಲ ಮಾತ್ರವಲ್ಲ, ನಡುವಿನಿಂದ ಎಷ್ಟು ದೂರದಲ್ಲಿ ಬಲ ಹಾಕುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಈ ಎರಡನ್ನೂ ಗುಣಿಸಿದರೆ ಸಿಗುವುದು ತಿರುಚುವ ಬಲ. ಮೆಕ್ಯಾನಿಕ್‌ಗಳು ಟಾರ್ಕ್ ಅನ್ನುತ್ತಾರೆ. ಅಳತೆ ನ್ಯೂಟನ್ ಮೀಟರ್. ಒಂದು ಮೀಟರ್ ಕೋಲನ್ನು ಅಡ್ಡಕ್ಕೆ ಹಿಡಿದು ತುದಿಗೆ 1 ಕೆ.ಜಿ. ತೂಕ ನೇತುಹಾಕಿದರೆ ಬುಡದಲ್ಲಿ ಸುಮಾರು 10 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ.

ಮೋಟಾರಿನಿಂದ ಶಾಫ್ಟಿಗೆ ಬರುವ ತಿರುಚನ್ನು ಹೀಗೆ ಕಂಡುಹಿಡಿಯಬಹುದು: ಎಚ್.ಪಿ.ಯನ್ನು 7120ರಿಂದ ಗುಣಿಸಿ, ಶಾಫ್ಟು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೋ ಅದರಿಂದ ಭಾಗಿಸಿ. ಆ ಅಕ್ಕನ ಮನೆಯಲ್ಲಿದ್ದದ್ದು 3 ಎಚ್.ಪಿ. ಮೋಟಾರು. ಅದರ ತಗಡಿನ ಮೇಲೆ 1440 ಎಂದು ಬರೆದಿತ್ತು. ಮೋಟಾರಿನ ಪುಲ್ಲಿ 3 ಅಂಗುಲ, ಯಂತ್ರದ ಪುಲ್ಲಿ 9 ಅಂಗುಲ. ಪುಲ್ಲಿ ಮೂರು ಪಟ್ಟು ದೊಡ್ಡದಾದ್ದರಿಂದ ಶಾಫ್ಟಿನ ಸುತ್ತು ಮೂರನೇ ಒಂದು ಭಾಗಕ್ಕೆ, ಅಂದರೆ 480ಕ್ಕೆ ಇಳಿಯುತ್ತದೆ. 3ನ್ನು 7120ರಿಂದ ಗುಣಿಸಿ 480ರಿಂದ ಭಾಗಿಸಿದರೆ 44.5 ನ್ಯೂಟನ್ ಮೀಟರ್.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಯಂತ್ರ ಬಹಳ ಜೋರು ಓಡುತ್ತದೆ, ಭಯ ಆಗುತ್ತದೆ ಎಂದು ಕೆಲವರು ದೊಡ್ಡ ಪುಲ್ಲಿ ಹಾಕಿಸುತ್ತಾರೆ. ನಿಧಾನವಾದರೆ ಶಾಫ್ಟಿಗೂ ಭಾರ ಕಡಿಮೆ ಎಂದು ನಾನೂ ಅಂದುಕೊಂಡಿದ್ದೆ. ಆಗುವುದು ತಿರುಗುಮುರುಗು. ಮೋಟಾರು ಅದೇ, ಸುತ್ತು 480ರಿಂದ 240ಕ್ಕೆ ಇಳಿದರೆ ಶಾಫ್ಟಿನ ಮೇಲಿನ ತಿರುಚು ಎರಡು ಪಟ್ಟು, 89 ನ್ಯೂಟನ್ ಮೀಟರ್. ಮೋಟಾರನ್ನು 3ರಿಂದ 5 ಎಚ್.ಪಿ.ಗೆ ಏರಿಸಿ ಸುತ್ತು 480ರಲ್ಲೇ ಇಟ್ಟರೆ 74. ಪುಲ್ಲಿ ಅಥವಾ ಮೋಟಾರು ಬದಲಿಸಿದಾಗ ಹಳೆಯ ಶಾಫ್ಟಿನ ಲೆಕ್ಕ ಮುಗಿಯಿತು ಎಂದೇ ತಿಳಿಯಿರಿ.

ಏಟಿನ ಲೆಕ್ಕ

44.5 ಎನ್ನುವುದು ಯಂತ್ರ ಸಲೀಸಾಗಿ ಓಡುವಾಗಿನ ಮಾತು. ಮೇವು ಕತ್ತರಿಸುವುದು ಸಲೀಸು ಕೆಲಸವಲ್ಲ. ಎರಡು ಬ್ಲೇಡಿನ ಚಕ್ರ ನಿಮಿಷಕ್ಕೆ 480 ಸುತ್ತು ಸುತ್ತಿದರೆ ನಿಮಿಷಕ್ಕೆ 960 ಏಟು, ಗಂಟೆಗೆ 57,600. ಎಳೆ ನೇಪಿಯರ್ ಹುಲ್ಲಾದರೆ ಏಟು ಮೆತ್ತಗಿರುತ್ತದೆ. ಒಣಗಿದ ಮುಸುಕಿನ ಜೋಳದ ದಂಟನ್ನು ಒಟ್ಟಿಗೆ ಆರೇಳು ತುರುಕಿದರೆ ಸುತ್ತಿಗೆಯಲ್ಲಿ ಹೊಡೆದಂತೆ. ದಂಟು ಸಿಕ್ಕಿಕೊಂಡು ಚಕ್ರ ತಟ್ಟನೆ ನಿಂತರಂತೂ ಆ ಭಾರದ ಚಕ್ರದಲ್ಲಿ ತುಂಬಿಕೊಂಡಿದ್ದ ಓಟವೆಲ್ಲ ಶಾಫ್ಟಿನ ಮೇಲೆ ಬೀಳುತ್ತದೆ. ಮೋಟಾರು ಶುರುವಾಗುವ ಕ್ಷಣದಲ್ಲೂ ತಿರುಚು ಮಾಮೂಲಿಗಿಂತ ಬಹಳ ಹೆಚ್ಚು. ಆದ್ದರಿಂದ ಇಂಥ ಏಟಿನ ಕೆಲಸಕ್ಕೆ 1.5ರಿಂದ 3 ಪಟ್ಟು ಹಿಡಿದು ಲೆಕ್ಕ ಹಾಕುವುದು ವಾಡಿಕೆ. ಬೇಸಿಗೆಯ ಜೋಳದ ದಂಟು ನೋಡಿರುವ ನಾನು 3 ಪಟ್ಟೇ ಹಿಡಿಯುತ್ತೇನೆ. 44.5ರ ಮೂರು ಪಟ್ಟು ಸುಮಾರು 134 ನ್ಯೂಟನ್ ಮೀಟರ್.

ದಪ್ಪ ಸ್ವಲ್ಪ ಕಡಿಮೆಯಾದರೆ ಬಲ ಬಹಳ ಕಡಿಮೆ

ಒದ್ದೆ ಸೀರೆ ಹಿಂಡುವಾಗ ಗಮನಿಸಿದ್ದೀರಾ? ಹೊರಗಿನ ಎಳೆಗಳು ಬಿಗಿಯಾಗಿ ಎಳೆದುಕೊಳ್ಳುತ್ತವೆ, ನಡುವಿನ ಎಳೆಗಳಿಗೆ ಅಷ್ಟು ಬಿಗಿ ಇರುವುದಿಲ್ಲ. ಕಬ್ಬಿಣದ ಸರಳನ್ನು ತಿರುಚಿದರೂ ಹಾಗೆಯೇ. ತಿರುಚನ್ನು ಹೊರುವುದು ಹೆಚ್ಚಾಗಿ ಹೊರಮೈ. ನಡುವಿನ ಕಬ್ಬಿಣ ಹೆಚ್ಚುಕಡಿಮೆ ಸುಮ್ಮನೆ ಇರುತ್ತದೆ. ಸರಳು ದಪ್ಪವಾದಾಗ ಕಬ್ಬಿಣವೂ ಹೆಚ್ಚುತ್ತದೆ, ಆ ಕಬ್ಬಿಣ ನಡುವಿನಿಂದ ದೂರವೂ ಹೋಗುತ್ತದೆ. ಬೀಸುಕಲ್ಲಿನ ಗೂಟ ಅಂಚಿಗೆ ಹೋದಂತೆ. ಹಾಗಾಗಿ ಬಲವನ್ನು ಕಾಣಲು ದಪ್ಪವನ್ನು ಮೂರು ಸಲ ಗುಣಿಸಬೇಕು.

ಕೀ ಕೂರಿಸಲು ಕಾಲುವೆ ಕೊರೆದಿರುವ ಸಾಮಾನ್ಯ ಮೈಲ್ಡ್ ಸ್ಟೀಲ್ ಶಾಫ್ಟಿಗೆ ಸುಲಭದ ಸೂತ್ರ ಇದು: ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಅದರಿಂದ ಗುಣಿಸಿ, ಕೊನೆಗೆ 127ರಿಂದ ಭಾಗಿಸಿ. ಶಾಫ್ಟು ನೆಮ್ಮದಿಯಾಗಿ ಹೊರಬಲ್ಲ ತಿರುಚು ನ್ಯೂಟನ್ ಮೀಟರಿನಲ್ಲಿ ಸಿಗುತ್ತದೆ. 20 ಮಿ.ಮೀ. ಶಾಫ್ಟಿಗೆ 63, 25ಕ್ಕೆ 123, 30ಕ್ಕೆ 212, 35ಕ್ಕೆ 337. ಇಪ್ಪತ್ತಕ್ಕೂ ಮೂವತ್ತಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಿರುಬೆರಳಿನಷ್ಟೂ ಇಲ್ಲ, ಆದರೆ 20ರ ಬಲ 30ರ ಬಲದಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಯಂತ್ರದ ಜೊತೆ ಬಂದ ಶಾಫ್ಟು 30 ಮಿ.ಮೀ. ಇತ್ತು. ಅದು ಸವೆದಾಗ ಪೇಟೆಯ ಒಂದು ಅಂಗಡಿಯಲ್ಲಿ, ಮನೆ ಕಟ್ಟಿಸಿದಾಗ ಉಳಿದಿದ್ದ 25 ಮಿ.ಮೀ. ಟಿ.ಎಂ.ಟಿ. ಕಂಬಿಯನ್ನು ಲೇತಿಗೆ ಹಾಕಿ 20ಕ್ಕೆ ತೆಗೆದು ಕೂರಿಸಿದ್ದರು. ಟಿ.ಎಂ.ಟಿ. ಕಂಬಿಯ ಗಟ್ಟಿತನ ಇರುವುದು ಅದರ ಹೊರಪದರದಲ್ಲಿ. ಲೇತಿನಲ್ಲಿ ಕೆರೆದು ಬಿಸಾಕಿದ್ದು ಆ ಪದರವನ್ನೇ! ಉಳಿದ 20 ಮಿ.ಮೀ. ಶಾಫ್ಟು ಹೊರಬಲ್ಲದ್ದು 63. ಮೂರು ವಾರ ಅವರು ಕತ್ತರಿಸಿದ್ದು ಹಸಿ ನೇಪಿಯರ್, ಅದರ ತಿರುಚು 44.5ರ ಆಸುಪಾಸು. ಏನೂ ಆಗಲಿಲ್ಲ. ನಾಲ್ಕನೇ ವಾರ ಹಸಿ ಹುಲ್ಲು ಮುಗಿದು ಒಣ ಜೋಳದ ದಂಟು ಹಾಕಿದರು. ಏಟು 134ಕ್ಕೆ ಏರಿತು.

63 ದಾಟಿದ ಕೂಡಲೇ ಶಾಫ್ಟು ತುಂಡಾಗುತ್ತದೆ ಎಂದಲ್ಲ. 63 ಎನ್ನುವುದು ಸಾವಿರಾರು ಗಂಟೆ ಓಡಿದರೂ ಏನೂ ಆಗದ ಮಟ್ಟ. ಅದನ್ನು ದಾಟಿ ಬೀಳುವ ಒಂದೊಂದು ಏಟೂ ಕೀ ಕಾಲುವೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ತೆರೆಯುತ್ತದೆ. ಗಂಟೆಗೆ 57,600 ಏಟಿನಲ್ಲಿ ಬಿರುಕು ಒಳಕ್ಕೆ ನಡೆಯುತ್ತದೆ. ತಂತಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಮುರಿದ ಶಾಫ್ಟಿನ ಮುಖ ನೋಡಿದರೆ ಇದು ಎದ್ದು ಕಾಣುತ್ತದೆ. ಅರ್ಧ ಭಾಗ ಕಪ್ಪಾಗಿ ನುಣ್ಣಗೆ ಸವೆದಿರುತ್ತದೆ, ಅದು ದಿನಗಳ ಹಿಂದೆಯೇ ಬಿರಿದ ಜಾಗ. ಉಳಿದ ಭಾಗ ಹೊಳೆಯುತ್ತಾ ಒರಟಾಗಿರುತ್ತದೆ, ಅದು ಕೊನೆಯ ಕ್ಷಣದಲ್ಲಿ ಹರಿದದ್ದು. ಆ ಅಕ್ಕನ ಶಾಫ್ಟಿನಲ್ಲಿ ಕಪ್ಪು ಭಾಗವೇ ಹೆಚ್ಚಿತ್ತು. ಮುರಿಯುವ ನಾಲ್ಕೈದು ದಿನ ಮೊದಲಿನಿಂದ ಯಂತ್ರ ಟಕ್ ಟಕ್ ಎನ್ನುತ್ತಿತ್ತು ಎಂದು ಅವರ ಸೊಸೆ ಆಮೇಲೆ ಹೇಳಿದಳು.

134 ಹೊರಲು 25 ಮಿ.ಮೀ. ಸಾಲದು, ಅದರ ಮಿತಿ 123. 28ರಿಂದ 30 ಬೇಕು. ಚಕ್ರದ ಭಾರ, ಬೆಲ್ಟಿನ ಎಳೆತ ಇವು ಶಾಫ್ಟನ್ನು ಬಗ್ಗಿಸುತ್ತವೆ, ಆ ಲೆಕ್ಕವನ್ನು ನಾವು ಸೇರಿಸಿಯೇ ಇಲ್ಲ. ಆದ್ದರಿಂದ 3 ಎಚ್.ಪಿ., 480 ಸುತ್ತಿಗೆ 30 ಎಂದೇ ಇಟ್ಟುಕೊಳ್ಳಿ. 5 ಎಚ್.ಪಿ.ಗೆ ಅದೇ ಸುತ್ತಿನಲ್ಲಿ ಬೀಳುವ ಏಟು 222. ಮೂವತ್ತರ ಮಿತಿ 212, ಸ್ವಲ್ಪದರಲ್ಲಿ ತಪ್ಪುತ್ತದೆ; 35 ಹಾಕಿಸಿ.

ಮುರಿಯದಿದ್ದರೂ ತಿರುಚಿಕೊಳ್ಳುತ್ತದೆ

ಶಾಫ್ಟು ಕಣ್ಣಿಗೆ ಗಟ್ಟಿ ಕಂಡರೂ ಕೆಲಸ ಮಾಡುವಾಗ ಒಂದು ತುದಿಗೂ ಇನ್ನೊಂದು ತುದಿಗೂ ನಡುವೆ ಸ್ವಲ್ಪ ತಿರುಚಿಕೊಂಡಿರುತ್ತದೆ. ಏಟು ಬಿಟ್ಟಾಗ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಇದಕ್ಕೆ ದಪ್ಪದ ಲೆಕ್ಕ ಇನ್ನೂ ಕಟ್ಟುನಿಟ್ಟು. ಮೂರು ಸಲವಲ್ಲ, ನಾಲ್ಕು ಸಲ ಗುಣಿಸಬೇಕು. ಎರಡು ಅಡಿ ಉದ್ದದ 30 ಮಿ.ಮೀ. ಶಾಫ್ಟು 134 ನ್ಯೂಟನ್ ಮೀಟರ್ ಏಟಿಗೆ ಮುಕ್ಕಾಲು ಡಿಗ್ರಿಯಷ್ಟು ತಿರುಚಿಕೊಂಡರೆ 20 ಮಿ.ಮೀ. ಶಾಫ್ಟು ಮೂರೂವರೆ ಡಿಗ್ರಿ ದಾಟುತ್ತದೆ, ಹತ್ತಿರ ಹತ್ತಿರ ಐದು ಪಟ್ಟು. ಶಾಫ್ಟಿನ ಉದ್ದ ಅದರ ದಪ್ಪದ 20ರಷ್ಟಿದ್ದರೆ ತಿರುಚು ಒಂದು ಡಿಗ್ರಿ ಮೀರಬಾರದು ಎನ್ನುವುದು ಹಳೆಯ ವಾಡಿಕೆ. 30 ಮಿ.ಮೀ.ಗೆ 20 ಪಟ್ಟು ಎಂದರೆ 600 ಮಿ.ಮೀ., ಅದೇ ಎರಡು ಅಡಿ. ನಮ್ಮ 30ರ ಶಾಫ್ಟು ಇದರಲ್ಲೂ ಪಾಸು.

ನಿಜ ಹೇಳಬೇಕೆಂದರೆ ಮನೆಯ ಸಣ್ಣ ಯಂತ್ರದಲ್ಲಿ ಶಾಫ್ಟು ಗಿಡ್ಡ, ಅಲ್ಲಿ ತಿರುಚಿಗಿಂತ ಬಲದ ಲೆಕ್ಕವೇ ಮುಖ್ಯ. ತಿರುಚು ಕಾಡುವುದು ಉದ್ದ ಶಾಫ್ಟಿನಲ್ಲಿ. ಉದ್ದ ಎರಡು ಪಟ್ಟಾದರೆ ತಿರುಚಿಕೊಳ್ಳುವುದೂ ಎರಡು ಪಟ್ಟು, ಆದರೆ ತಿರುಚುವ ಬಲಕ್ಕೆ ಮುರಿಯುವ ಅಪಾಯ ಉದ್ದದಿಂದ ಹೆಚ್ಚುವುದಿಲ್ಲ. ಕೆಲವರು ಮೋಟಾರನ್ನು ಕೊಟ್ಟಿಗೆಯ ಹೊರಗಿಟ್ಟು ಆರೇಳು ಅಡಿ ಶಾಫ್ಟಿನಲ್ಲಿ ಒಳಗಿನ ಯಂತ್ರ ಓಡಿಸುತ್ತಾರೆ. ಅಲ್ಲಿ ಶಾಫ್ಟು ಮುರಿಯದೆಯೂ ಹಿಂದೆ ಮುಂದೆ ತಿರುಚಿಕೊಳ್ಳುತ್ತಾ ಕೀಲಿಯನ್ನು ಸಡಿಲ ಮಾಡುತ್ತದೆ, ಯಂತ್ರ ನಡುಗುತ್ತದೆ. ಬೋಲ್ಟು ಕಳಚಿ ಮೇವಿಗೆ ಬೀಳುವುದು ಇಂಥ ನಡುಕದಿಂದಲೇ.

"ಒಳ್ಳೆ ಉಕ್ಕು ಹಾಕಿದ್ದೀನಿ ಬಿಡಿ, ತೆಳ್ಳಗಿದ್ದರೂ ನಡೆಯುತ್ತೆ" ಎಂದು ಅಂಗಡಿಯವರು ಹೇಳಬಹುದು. ಅರ್ಧ ಸತ್ಯ. ಇ.ಎನ್.-8 ಎಂಬ ಉಕ್ಕು ಮೈಲ್ಡ್ ಸ್ಟೀಲಿಗಿಂತ ಬಲವಾದದ್ದೇ, ಮುರಿಯುವುದು ತಡವಾಗುತ್ತದೆ. ಆದರೆ ತಿರುಚಿಕೊಳ್ಳುವ ವಿಷಯದಲ್ಲಿ ಎಲ್ಲ ಉಕ್ಕೂ ಒಂದೇ. ದುಬಾರಿ ಉಕ್ಕಿನ 20 ಮಿ.ಮೀ. ಶಾಫ್ಟು ಅಗ್ಗದ 20 ಮಿ.ಮೀ. ಶಾಫ್ಟಿನಷ್ಟೇ ತಿರುಚಿಕೊಳ್ಳುತ್ತದೆ. ಇ.ಎನ್.-8 ಹಾಕಿಸಿ, ಜೊತೆಗೆ 30ನ್ನೂ ಬಿಡಬೇಡಿ.

ಪೈಪು ಹಾಕಬಹುದೇ ಎಂದೂ ಒಬ್ಬರು ಕೇಳಿದ್ದರು. ಪ್ರಶ್ನೆ ಜಾಣತನದ್ದು, ಏಕೆಂದರೆ ನಡುವಿನ ಕಬ್ಬಿಣಕ್ಕೆ ಕೆಲಸ ಕಡಿಮೆ ಎಂದು ಮೇಲೆಯೇ ಹೇಳಿದೆ. 30 ಮಿ.ಮೀ. ಹೊರ ಅಳತೆ, 3 ಮಿ.ಮೀ. ಗೋಡೆಯ ಕೊಳವೆಯ ತೂಕ ಗಟ್ಟಿ ಸರಳಿನ ಶೇ. 36 ಮಾತ್ರ, ಬಲ ಶೇ. 59. ಲಾರಿಗಳ ಉದ್ದ ಶಾಫ್ಟು ಟೊಳ್ಳಾಗಿರುವುದು ಇದಕ್ಕೇ. ಆದರೆ 3 ಮಿ.ಮೀ. ಗೋಡೆಯಲ್ಲಿ ಕೀ ಕಾಲುವೆ ಕೊರೆಯಲು ಜಾಗ ಎಲ್ಲಿ? ನೀರಿನ ಪೈಪು ನಿಮ್ಮ ಯಂತ್ರಕ್ಕೆ ಬೇಡ.

ಲೇತ್ ಅಂಗಡಿಗೆ ಹೋಗುವಾಗ

ಮೊದಲು ಹಳೆಯ ಶಾಫ್ಟಿನ ದಪ್ಪ ತಿಳಿಯಬೇಕು. ಅಳೆಯುವ ವರ್ನಿಯರ್ ನಿಮ್ಮಲ್ಲಿಲ್ಲದಿದ್ದರೆ ಬೇರಿಂಗಿನ ಮೇಲಿನ ನಂಬರ್ ಓದಿ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ ಸಿಗುತ್ತದೆ. 6204 ಎಂದರೆ 20 ಮಿ.ಮೀ., 6205 ಎಂದರೆ 25, 6206 ಎಂದರೆ 30. ಹೊರಗೆ ಗೂಡಿನಲ್ಲಿ ಕೂರಿಸುವ ಬೇರಿಂಗಾದರೆ 205, 206 ಎಂದಿರುತ್ತದೆ, ಲೆಕ್ಕ ಅದೇ. ರಿಪೇರಿಯಾಗಿ ಬಂದ ಯಂತ್ರದಲ್ಲಿ ಮೊದಲಿದ್ದ 6206 ಹೋಗಿ 6204 ಬಂದಿದ್ದರೆ ಶಾಫ್ಟು ತೆಳ್ಳಗಾಗಿದೆ ಎಂದೇ ಅರ್ಥ. ಯಾರನ್ನೂ ಕೇಳಬೇಕಾಗಿಲ್ಲ.

ಶಾಫ್ಟಿನ ಬಲ ಅದರ ಅತಿ ತೆಳ್ಳಗಿನ ಜಾಗದ ಬಲ. ನಡುವೆ 30 ಇದ್ದು ಬೇರಿಂಗ್ ಕೂರುವಲ್ಲಿ 20ಕ್ಕೆ ಕೆರೆದಿದ್ದರೆ ಅದು 20ರ ಶಾಫ್ಟು. ದಪ್ಪ ಬದಲಾಗುವ ಮೆಟ್ಟಿಲು ಚೂಪು ಮೂಲೆಯಾಗಿರಬಾರದು, ಸ್ವಲ್ಪ ದುಂಡಗೆ ಮಾಡಿಕೊಡಿ ಎಂದು ಹೇಳಿ. ಬಿರುಕು ಹುಟ್ಟುವುದು ಚೂಪು ಮೂಲೆಯಲ್ಲೇ. ಮುರಿದ ಶಾಫ್ಟನ್ನು ವೆಲ್ಡ್ ಮಾಡಿಸಿ ಮತ್ತೆ ಹಾಕುವುದಂತೂ ಬೇಡವೇ ಬೇಡ. ವೆಲ್ಡಿಂಗಿನ ಶಾಖಕ್ಕೆ ಪಕ್ಕದ ಉಕ್ಕು ಪೆಡಸಾಗಿ, ಮುಂದಿನ ಸಲ ಅಲ್ಲೇ ಮುರಿಯುತ್ತದೆ.

ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿಯುವ ಅಭ್ಯಾಸ ಬಿಡಿ. ದಂಟು ಸಿಕ್ಕಿಕೊಂಡಾಗ ಬೆಲ್ಟು ಜಾರಬೇಕು. ಅದು ಜಾರಿದರೆ ಮೋಟಾರಿನ ಒತ್ತಡ ಶಾಫ್ಟಿನ ಮೇಲೆ ಬೀಳುವುದಿಲ್ಲ. ಟ್ರಾಕ್ಟರಿನಿಂದ ಓಡುವ ದೊಡ್ಡ ಯಂತ್ರಗಳಲ್ಲಿ ಇದೇ ಕೆಲಸಕ್ಕೆ ಬೇಗ ತುಂಡಾಗುವ ಒಂದು ಬೋಲ್ಟ್ ಇಟ್ಟಿರುತ್ತಾರೆ. ಪದೇ ಪದೇ ತುಂಡಾಗುತ್ತದೆ ಎಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೆ ಮುಂದೆ ಮುರಿಯುವುದು ಶಾಫ್ಟು.

ಆ ಅಕ್ಕನ ಯಂತ್ರಕ್ಕೆ ಈಗ 30 ಮಿ.ಮೀ. ಇ.ಎನ್.-8 ಶಾಫ್ಟು, 6206 ಬೇರಿಂಗು. ಚಕ್ರದ ಮೇಲೆ ತಗಡಿನ ಮುಚ್ಚಳವೂ ಬಂದಿದೆ. ಮೇವು ಬೀಳುವ ಬಾಯಿಯಲ್ಲಿ ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಕಟ್ಟಿದ್ದಾರೆ. ಮೊದಲ ವಾರದಲ್ಲೇ ಎರಡು ತಂತಿ ತುಂಡು ಅಂಟಿಕೊಂಡಿದ್ದವಂತೆ.

ನಿಮ್ಮ ಯಂತ್ರದಲ್ಲಿ ಹೊಸ ಸದ್ದು, ಹೊಸ ನಡುಕ ಬಂದರೆ ಅವತ್ತೇ ನಿಲ್ಲಿಸಿ, ಮೈನ್ ಸ್ವಿಚ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ ಕೀಲಿಯ ಜಾಗವನ್ನು ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ಬಿರುಕಿದ್ದರೆ ಎಣ್ಣೆ ಒಸರಿದ ಕಪ್ಪು ಗೆರೆಯಂತೆ ಕಾಣುತ್ತದೆ. ಯಂತ್ರ ಏನಾದರೂ ಮುರಿದರೆ ಅದರ ಕೆಳಗೆ ಬಿದ್ದಿರುವ ಮೇವನ್ನು ಗೊಬ್ಬರದ ಗುಂಡಿಗೆ ಹಾಕಿ, ಎಷ್ಟೇ ಇರಲಿ. ಬ್ಲೇಡು, ಬೋಲ್ಟು, ಕೀಲಿಗಳ ಚೂರನ್ನೆಲ್ಲ ಜೋಡಿಸಿ ನೋಡಿ. ಯಾವುದಾದರೂ ತುಂಡು ಸಿಗದಿದ್ದರೆ, ಹಸು ಆರಾಮಾಗಿಯೇ ಕಂಡರೂ ನಮಗೆ ಫೋನ್ ಮಾಡಿ. ಹೊಟ್ಟೆಗೆ ಹಾಕುವ ಅಯಸ್ಕಾಂತವನ್ನು ಆಗಲೇ ನುಂಗಿಸಿದರೆ ಚೂರು ಅದಕ್ಕೆ ಅಂಟಿ ಹೊಟ್ಟೆಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಗಂಗೆದೊಗಲು ಊದಿಕೊಂಡು, ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿದ ಮೇಲೆ ಕರೆದರೆ ಚೂರು ಹೃದಯ ಮುಟ್ಟಿರುತ್ತದೆ, ಆಗ ನಮ್ಮ ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ.

– ಪಶುವೈದ್ಯಾಧಿಕಾರಿ